ಸಂಜೆ ಬಂದವರ ಕೂಲಿ

ಗೆಳೆಯರೆ,

ನಲವತ್ತು ವರ್ಷಗಳಿಂದ ನೀವು ನನ್ನನ್ನು ಒಂದು ಪ್ರಶ್ನೆ ಕೇಳುತ್ತಿದ್ದೀರಿ. ನಾನು ನಕ್ಕು, ಬೀಡಿ ಹಚ್ಚಿ, ಮಾತು ಬದಲಿಸಿ ತಪ್ಪಿಸಿಕೊಳ್ಳುತ್ತ ಬಂದಿದ್ದೇನೆ. ಸಂಘದ ಶಿಬಿರಗಳಲ್ಲಿ ರಾತ್ರಿ ಉಂಡು ಚಾಪೆ ಹಾಸಿಕೊಂಡ ಮೇಲೆ ಯಾರಾದರೊಬ್ಬರು ಆ ಪ್ರಶ್ನೆ ಎತ್ತುತ್ತಿದ್ದರು. ‘ಅಲ್ಲಯ್ಯಾ ಮೇಷ್ಟ್ರೆ, ಅವರ ಗುಡಿ ಒಳಗೆ ಬಿಟ್ಕಳ್ಳಲಿಲ್ಲ ಅಂತ ನಿಮ್ಮ ತಾತ ಚರ್ಚಿಗೆ ಹೋದ. ಸರಿ. ಚರ್ಚಿನೊಳಗೂ ಅದೇ ಜಾತಿ ಕಸ ತುಂಬ್ಕಂಡಿದೆ. ಇನ್ನೂ ಯಾಕೆ ಭಾನುವಾರದ ಗಂಟೆ ಬಾರಿಸಿದ ತಕ್ಷಣ ಎದ್ದು ಹೋಗ್ತೀಯ?’

ಈಗ ನನಗೆ ಎಪ್ಪತ್ತು ದಾಟಿದೆ. ಬೀಡಿ ಬಿಟ್ಟಿದ್ದೇನೆ. ತಪ್ಪಿಸಿಕೊಳ್ಳುವುದನ್ನೂ ಬಿಡಬೇಕು. ಉತ್ತರ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನನ್ನ ಕೈಯಿಂದ ಆದ ಒಂದು ತಪ್ಪನ್ನು ಹೇಳಬೇಕು. ಅದನ್ನು ಬಿಟ್ಟು ಉತ್ತರ ಹೇಳಿದರೆ ಅದು ಬರೀ ಭಾಷಣವಾಗುತ್ತದೆ.

ನಮ್ಮವ್ವನಿಗೆ ಎರಡು ಹೆಸರು. ಊರವರು ಕೂಗುತ್ತಿದ್ದದ್ದು ನಮ್ಮ ಕೇರಿಯ ಮಾರಿಯ ಹೆಸರು. ಗೌಡರ ಮನೆಯ ಹತ್ತು ವರ್ಷದ ಹುಡುಗನೂ ಆ ಹೆಸರಿನ ಬಾಲ ಕತ್ತರಿಸಿ, ‘ಲೇ’ ಸೇರಿಸಿ ಕೂಗುತ್ತಿದ್ದ. ಚರ್ಚಿನ ರೆಜಿಸ್ಟರಿನಲ್ಲಿ ಇನ್ನೊಂದು ಹೆಸರು. ದೀಕ್ಷಾಸ್ನಾನದ ದಿನ ಪಾದ್ರಿ ಇಟ್ಟದ್ದು. ಅದರಲ್ಲಿ ‘ಕೃಪೆ’ ಎಂಬ ಮಾತಿತ್ತು. ಅವ್ವನಿಗೆ ಆ ಮಾತು ಹೊಸದು. ಆಕೆ ಅಂದೇ ಪಾದ್ರಿಯನ್ನು ಕೇಳಿದಳಂತೆ, ‘ಕೃಪೆ ಅಂದ್ರೆ ಏನು ಸ್ವಾಮಿ?’

‘ನಮ್ಮ ಯೋಗ್ಯತೆ ನೋಡದೆ ದೇವರು ಕೊಡೋದಮ್ಮ.’

‘ಹಂಗಾದ್ರೆ ಕೂಲಿ ಅಲ್ಲ.’

‘ಅಲ್ಲ. ನೀನು ದುಡಿದು ತಗೊಳ್ಳೋದಲ್ಲ ಅದು.’

‘ಹಂಗಾದ್ರೆ ಭಿಕ್ಸೆ.’

ಪಾದ್ರಿ ಸ್ವಲ್ಪ ತಡೆದು, ‘ಭಿಕ್ಷೆನೂ ಅಲ್ಲ’ ಅಂದರಂತೆ. ಅದಕ್ಕಿಂತ ಹೆಚ್ಚು ಅವರೂ ಬಿಡಿಸಿ ಹೇಳಲಿಲ್ಲ. ಅವ್ವ ಈ ಮಾತನ್ನು ಎಷ್ಟೋ ಸಲ ನಮಗೆ ಹೇಳಿ ನಗುತ್ತಿದ್ದಳು. ‘ಕೂಲಿನೂ ಅಲ್ವಂತೆ, ಭಿಕ್ಸೆನೂ ಅಲ್ವಂತೆ. ಈ ಊರಲ್ಲಿ ಇವೆಲ್ಡು ಬುಟ್ಟು ನಮ್ ಕೈಗೆ ಇನ್ನೇನ್ ಬಂದದೆ ಯೋಳು!’

ನಿಜ. ಹೊಲಗೇರಿಯ ಕೈಗೆ ಊರಿನಿಂದ ಬರುತ್ತಿದ್ದದ್ದು ಅವೆರಡೇ. ಒಂದು ಕೂಲಿ. ಅದನ್ನು ಲೆಕ್ಕ ಹಾಕಿ, ಅರ್ಧ ಹಿಡಿದು, ಮೇಲಿನಿಂದ ಮಡಿಲಿಗೆ ಸುರಿಯುತ್ತಿದ್ದರು. ಇನ್ನೊಂದು ಭಿಕ್ಷೆ. ಹಬ್ಬದ ಮಾರನೆ ದಿನದ ಹಳಸಿದ ಅನ್ನ, ಹರಿದ ಸೀರೆ. ಅದನ್ನೂ ಮೇಲಿನಿಂದಲೇ ಸುರಿಯುತ್ತಿದ್ದರು. ಎರಡಕ್ಕೂ ನಾವು ಬಗ್ಗಿ ನಿಲ್ಲಬೇಕು. ಇದಕ್ಕೆ ಶಾಸ್ತ್ರದ ಬೆಂಬಲವೂ ಇತ್ತು. ಹಿಂದಿನ ಜನ್ಮದಲ್ಲಿ ಮಾಡಿದ್ದಕ್ಕೆ ಈ ಜನ್ಮ ಕೂಲಿ. ಈ ಜನ್ಮದಲ್ಲಿ ಬಗ್ಗಿ ನಡೆದರೆ ಮುಂದಿನ ಜನ್ಮದಲ್ಲಿ ಬಡ್ತಿ. ದೇವರನ್ನೇ ಒಬ್ಬ ಶಾನುಭೋಗನನ್ನಾಗಿ ಮಾಡಿ ಖಾತೆ ಪುಸ್ತಕ ಕೈಗೆ ಕೊಟ್ಟವರ ನಾಡು ಇದು.

ನಮ್ಮ ತಾತಂದಿರು ಹಾಲಿನ ಪುಡಿಗೆ, ಗೋಧಿಗೆ ಜಾತಿ ಮಾರಿದರು ಅಂತ ಹೇಳುವವರಿದ್ದಾರೆ. ನನಗೆ ಅದರಿಂದ ಸಿಟ್ಟು ಬರುವುದಿಲ್ಲ. ಮಾರಲಿಕ್ಕೆ ನಮ್ಮ ಹತ್ತಿರ ಇದ್ದ ಜಾತಿ ಯಾವ ಬಂಗಾರದ್ದು? ಹಸಿದವನು ಹೊಟ್ಟೆಯ ದಾರಿಯಲ್ಲೇ ದೇವರ ಕಡೆ ನಡೆದರೆ ಅದರಲ್ಲಿ ನಾಚಿಕೆ ಏನು? ಆದರೆ ಇಷ್ಟು ಹೇಳಬೇಕು. ಹಾಲಿನ ಪುಡಿ ಬಂದದ್ದು ಭಿಕ್ಷೆಯ ದಾರಿಯಲ್ಲಿ. ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ. ಅದನ್ನೇ ಕೃಪೆ ಅಂತ ತಿಳಿದವರು ಬಹಳ ಜನ. ನಮ್ಮವ್ವ ಹಾಗೆ ತಿಳಿಯಲಿಲ್ಲ.

ನಾನು ಓದು ಕಲಿತ ಮೇಲೆ ರಾತ್ರಿ ಬುಡ್ಡಿ ದೀಪದ ಮುಂದೆ ಸತ್ಯವೇದ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವ್ವನಿಗೆ ಬಹಳ ಹಿಡಿಸಿದ್ದು ಮತ್ತಾಯನ ಸುವಾರ್ತೆಯಲ್ಲಿ ಬರುವ ದ್ರಾಕ್ಷೆ ತೋಟದ ಕಥೆ. ತೋಟದ ಯಜಮಾನ ಬೆಳಿಗ್ಗೆ ಹೋಗಿ ಕೂಲಿಯವರನ್ನು ಕರೆಯುತ್ತಾನೆ. ದಿನಕ್ಕೆ ಇಷ್ಟು ಅಂತ ಮಾತಾಗುತ್ತದೆ. ಒಂಬತ್ತು ಗಂಟೆಗೆ, ಮಧ್ಯಾಹ್ನ, ಮೂರು ಗಂಟೆಗೆ ಮತ್ತೆ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಸಂಜೆ ಐದಕ್ಕೆ ಹೋದರೆ ಇನ್ನೂ ಕೆಲವರು ಪೇಟೆಯಲ್ಲಿ ನಿಂತೇ ಇದ್ದಾರೆ. ಯಾಕೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ. ಅವರನ್ನೂ ಕರೆಯುತ್ತಾನೆ. ಹೊತ್ತು ಮುಳುಗಿದ ಮೇಲೆ ಎಲ್ಲರಿಗೂ ಅದೇ ಒಂದು ದಿನದ ಪೂರ್ತಿ ಕೂಲಿ. ಬೆಳಿಗ್ಗೆ ಬಂದವರು ಗೊಣಗುತ್ತಾರೆ.

ಪಟ್ಟಣದ ಜನ ಈ ಕಥೆ ಕೇಳಿ, ಇದೆಂಥ ನ್ಯಾಯ ಅನ್ನುತ್ತಾರೆ. ಅವ್ವನಿಗೆ ಆ ಅನುಮಾನ ಬರಲೇ ಇಲ್ಲ. ಯಾರೂ ಕರೆಯದೆ ಸಂಜೆವರೆಗೆ ನಿಂತವರು ಯಾರು ಅಂತ ಆಕೆಗೆ ಗೊತ್ತಿತ್ತು. ಮುದುಕಿಯರು, ಬಸುರಿಯರು, ಕೈ ಊನವಾದವರು, ಜಾತಿಯಲ್ಲಿ ಎಲ್ಲರಿಗಿಂತ ಕೆಳಗಿನವರು. ‘ಹೊಟ್ಟೆ ಅರ್ಧ ದಿನಕ್ಕೆ ಅರ್ಧ ಹಸ್ದದಾ?’ ಅನ್ನುತ್ತಿದ್ದಳು. ಇನ್ನೊಂದು ವಿಷಯವನ್ನೂ ಆಕೆಯೇ ತೋರಿಸಿಕೊಟ್ಟಳು. ಆ ಯಜಮಾನ ಬೆಳಿಗ್ಗೆ ಬಂದವರ ಕೂಲಿಯಲ್ಲಿ ಕಾಸೂ ಕಡಿಮೆ ಮಾಡಲಿಲ್ಲ. ಮಾತಾದಷ್ಟು ಕೊಟ್ಟ. ಅಂದರೆ ಕೃಪೆ ಎಂಬುದು ನ್ಯಾಯದ ಬದಲಿಗೆ ಬರುವುದಲ್ಲ. ನ್ಯಾಯವನ್ನು ಪೂರ್ತಿ ಸಲ್ಲಿಸಿ, ಅದರ ಆಚೆಗೂ ಹೋಗುವುದು. ‘ದೇವರ ಕೃಪೆ ಇದೆ, ಹೋರಾಟ ಗೀರಾಟ ಯಾಕೆ’ ಎಂದು ಪೀಠದಿಂದ ಹೇಳುವವರನ್ನು ಕಂಡಾಗಲೆಲ್ಲ ನನಗೆ ಅವ್ವನ ಈ ಲೆಕ್ಕ ನೆನಪಾಗುತ್ತದೆ. ಜರ್ಮನಿಯ ಡೀಟ್ರಿಕ್ ಬೊನ್‌ಹಾಫರ್ ಎಂಬ ಪಾದ್ರಿ 1937ರಲ್ಲಿ ಒಂದು ಪುಸ್ತಕ ಬರೆದು, ಅಗ್ಗದ ಕೃಪೆಯೇ ಸಭೆಯ ಶತ್ರು ಎಂದು ಎಚ್ಚರಿಸಿದ್ದ. ಹಿಟ್ಲರನನ್ನು ಎದುರು ಹಾಕಿಕೊಂಡ ಆತನನ್ನು 1945ರ ಏಪ್ರಿಲ್ 9ರಂದು ಗಲ್ಲಿಗೆ ಹಾಕಿದರು. ಅವ್ವನಿಗೆ ಆತನ ಹೆಸರು ಗೊತ್ತಿರಲಿಲ್ಲ. ಮಾತು ಗೊತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ದಲಿತ ಸಂಘರ್ಷ ಸಮಿತಿಯ ಹಾಡುಗಳು ಕೇರಿ ಕೇರಿಗೆ ಮುಟ್ಟಿದ್ದ ಕಾಲ. ನಾನು ಪಕ್ಕದ ಊರಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಸಂಜೆಯಾದರೆ ತಮಟೆ, ಸೈಕಲ್ಲು, ಪೋಸ್ಟರಿನ ಗೋಂದು. ನಮ್ಮೂರ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇತ್ತು. ಹೊರಗೆ ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತಿದ್ದರು. ನಾವೇ ತೆಗೆದುಕೊಂಡು, ಎತ್ತರದಿಂದ ಹೊಯ್ಯಿಸಿಕೊಂಡು, ಕುಡಿದು, ತೊಳೆದು ಅಲ್ಲೇ ಸಿಕ್ಕಿಸಬೇಕು. ಒಂದು ದಿನ ಹನ್ನೆರಡು ಹುಡುಗರು ಹೋಗಿ ಒಳಗಿನ ಬೆಂಚಿನ ಮೇಲೆ ಕೂತೆವು. ಸಂವಿಧಾನದ 17ನೇ ವಿಧಿಯನ್ನು ನಾನು ಗಟ್ಟಿಯಾಗಿ ಬಾಯಿಪಾಠ ಹೇಳಿದೆ. ಮಾಲೀಕ ಬೆವತ. ಪೊಲೀಸರು ಬಂದರು. ಕೊನೆಗೆ ಗಾಜಿನ ಲೋಟದಲ್ಲಿ ಟೀ ಬಂತು. ಸೂರಿನ ಲೋಟವನ್ನು ನಾನೇ ಕಾಲಲ್ಲಿ ತುಳಿದು ಚಪ್ಪಟೆ ಮಾಡಿದೆ. ಅವತ್ತು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಅದೇ ವರ್ಷ, ನಮ್ಮೂರಿಂದ ಎರಡು ಮೈಲಿ ದೂರದ ಮಾದಿಗರ ಹಟ್ಟಿಯಿಂದ ಆರು ಮನೆಯವರು ದೀಕ್ಷಾಸ್ನಾನ ಕೇಳಿಕೊಂಡು ನಮ್ಮ ಸಭೆಗೆ ಬಂದರು. ನಮ್ಮದು ಪೂರ್ತಿ ಹೊಲೆಯರ ಸಭೆ. ಹಾಗಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಾಯಿಬಿಟ್ಟು ಹೇಳುವ ಅಗತ್ಯವೂ ಅಲ್ಲಿಯವರೆಗೆ ಬಿದ್ದಿರಲಿಲ್ಲ. ಹಿರಿಯರ ಕಮಿಟಿ ಸೇರಿತು. ‘ಸ್ನಾನ ಮಾಡ್ಸೋದು ಸರಿ. ಆದ್ರೆ ಕರ್ತನ ಭೋಜನದಲ್ಲಿ ಒಂದೇ ಬಟ್ಟಲಿಗೆ ಎಲ್ಲರ ತುಟಿ ತಾಗ್ತದಲ್ಲ…’ ಅಂತ ಒಬ್ಬರು ತೆಗೆದರು. ‘ನಮಗೇನಿಲ್ಲಪ್ಪ, ಹೆಂಗಸ್ರು ಒಪ್ಪಲ್ಲ’ ಅಂದರು ಇನ್ನೊಬ್ಬರು. ‘ಸದ್ಯಕ್ಕೆ ಒಂದು ಬೇರೆ ಲೋಟ ಇಡುವ. ಆಮೇಲೆ ತಾನೇ ಸರಿ ಹೋಗ್ತದೆ.’

ಚೆನ್ನಾಗಿ ಬರೆಯಬಲ್ಲವನು ಅಂತ ಕಮಿಟಿಯ ಕಾರ್ಯದರ್ಶಿ ನಾನು. ನಡವಳಿ ಪುಸ್ತಕ ನನ್ನ ತೊಡೆಯ ಮೇಲಿತ್ತು. ಹೋಟೆಲಿನ ಲೋಟ ತುಳಿದ ಕಾಲು ಅದೇ ಕಂಬಳಿಯ ಮೇಲೆ ಮಡಚಿಕೊಂಡಿತ್ತು. ನಾನು ಬರೆದೆ. ‘ಹೊಸ ಕುಟುಂಬಗಳನ್ನು ಸಂತೋಷದಿಂದ ಬರಮಾಡಿಕೊಳ್ಳುವುದು. ಸಭೆಯಲ್ಲಿ ಕೆಲವರ ಬಲಹೀನತೆಯ ನಿಮಿತ್ತ, ಸದ್ಯಕ್ಕೆ ಅವರಿಗೆ ಪಾನವನ್ನು ಪ್ರತ್ಯೇಕ ಪಾತ್ರೆಯಲ್ಲಿ ಕೊಡುವುದು.’ ಅಕ್ಷರ ದುಂಡಗಿತ್ತು. ಕಾಗುಣಿತ ತಪ್ಪಿರಲಿಲ್ಲ. ಕೆಳಗೆ ನನ್ನ ರುಜು.

ಯಾಕೆ ಬರೆದೆ? ಹೆದರಿಕೆ ಅಂದರೆ ಅರ್ಧ ಸತ್ಯ. ಇನ್ನರ್ಧ ಹೇಳುವುದು ಕಷ್ಟ. ನನಗೂ ಒಳಗೆ ಎಲ್ಲೋ ಹಿತವಾಗಿತ್ತು. ಹುಟ್ಟಿದಾಗಿನಿಂದ ಎಲ್ಲರ ಕಾಲ ಕೆಳಗೆ ಇದ್ದವನಿಗೆ ಕಾಲ ಕೆಳಗೆ ಇನ್ನೊಬ್ಬ ಸಿಕ್ಕಾಗ ಆಗುವ ಹಿತ. ಜಾತಿ ಎಂಬುದು ಏಣಿ ಇದ್ದ ಹಾಗೆ, ಪ್ರತಿ ಮೆಟ್ಟಿಲಿನವನಿಗೂ ಕೆಳಗೊಂದು ಮೆಟ್ಟಿಲು ಕೊಟ್ಟು ಸುಮ್ಮನಿರಿಸುತ್ತದೆ. ಇದನ್ನು ಬಾಬಾಸಾಹೇಬರಿಂದ ಕಲಿತು ಶಿಬಿರಗಳಲ್ಲಿ ನಾನೇ ಪಾಠ ಹೇಳುತ್ತಿದ್ದೆ. ಪಾಠ ಹೇಳುವುದಕ್ಕೂ ಮೆಟ್ಟಿಲಿನಿಂದ ಇಳಿಯುವುದಕ್ಕೂ ಎಷ್ಟು ದೂರ!

ಆ ಭಾನುವಾರ ಬಂತು. ಮೊದಲ ಸಾಲಿನಲ್ಲಿ ನಾವು ಪೀಠದ ಮುಂದೆ ಮೊಣಕಾಲೂರಿದೆವು. ಪಾದ್ರಿ ಬೆಳ್ಳಿ ಬಣ್ಣದ ಬಟ್ಟಲನ್ನು ತುಟಿಯಿಂದ ತುಟಿಗೆ ಹಿಡಿಯುತ್ತ ಹೋದರು. ಅವ್ವ ಎದ್ದು ಬರಲಿಲ್ಲ. ಕಾಲು ನೋವಿರಬೇಕು ಅಂದುಕೊಂಡೆ. ನಾವು ಮರಳಿ ಕೂತ ಮೇಲೆ ಹಟ್ಟಿಯವರ ಸರದಿ. ಪೀಠದ ಮೇಲೆ ಹೊಸ ಸ್ಟೀಲ್ ಲೋಟ ಹೊಳೆಯುತ್ತಿತ್ತು. ಆಗ ಅವ್ವ ಎದ್ದಳು. ಸೆರಗು ತಲೆ ಮೇಲೆ ಎಳೆದುಕೊಂಡು ಹೋಗಿ ಹಟ್ಟಿಯ ಇಬ್ಬರು ಹೆಂಗಸರ ನಡುವೆ ಜಾಗ ಮಾಡಿಕೊಂಡು ಮೊಣಕಾಲೂರಿದಳು. ಪಾದ್ರಿ ಗಲಿಬಿಲಿಯಾಗಿ ಆಕೆಗೆ ಬಟ್ಟಲು ತಂದರು. ಅವ್ವ ಅಂಗೈಯಿಂದ ಬಟ್ಟಲಿನ ಬಾಯಿ ಮುಚ್ಚಿ, ಸ್ಟೀಲ್ ಲೋಟದ ಕಡೆ ಬೆರಳು ತೋರಿಸಿದಳು. ಪಕ್ಕದ ಹೆಂಗಸು ಕುಡಿದ ಲೋಟದಿಂದಲೇ ಕುಡಿದಳು. ದೇವಾಲಯದಲ್ಲಿ ಒಂದು ಕೆಮ್ಮೂ ಇಲ್ಲ.

ನಾನು ಏಳಬಹುದಿತ್ತು. ಏಳಲಿಲ್ಲ.

ರಾತ್ರಿ ಮುದ್ದೆ ಹಾಕುತ್ತ ಅವ್ವ ಮಾತಾಡಲಿಲ್ಲ. ನಾನೇ ತಡೆಯಲಾರದೆ, ‘ಅವ್ವ, ಎಲ್ಲಾನೂ ಒಂದೇ ಸಲಕ್ಕೆ ಮಾಡಕ್ಕಾಗ್ತದಾ? ಜನ ಬುಟ್ಟು ಹೋದ್ರೆ ಸಬೆ ಒಡ್ದೋಗಲ್ವಾ?’ ಅಂದೆ.

‘ಐದ್ ಗಂಟೆಗೆ ಬಂದವನಿಗೂ ಅಷ್ಟೇ ಕೂಲಿ ಕೊಟ್ಟ ಅಂತ ಓದ್ದೋನು ನೀನೇ ಅಲ್ವೇನ್ಲಾ?’

‘ಅದು ಸರಿ ಅವ್ವಾ…’

‘ನಾವೇನು ಬೆಳಿಗ್ಗೆ ಬಂದವ್ರಾ? ನಿಮ್ ತಾತನೂ ಸಂಜೆ ಬಂದವನೇ ಕಣೋ ಮೊಗ. ಇನ್ನೂ ಬೆವರು ಆರಿಲ್ಲ, ಆಗ್ಲೇ ಲೆಕ್ಕ ಹಾಕಾಕೆ ಕುಂತ್ಬುಟ್ಟಾ.’

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಒಲೆ ಕಡೆ ನೋಡುತ್ತಲೇ ಹೇಳಿದಳು. ‘ಆವತ್ತು ಪಾದ್ರಿ ಯೋಳಿದ್ ಮಾತು ನಂಗೆ ಇವತ್ತು ತಿಳೀತು. ಕೂಲಿನೂ ಅಲ್ಲ, ಭಿಕ್ಸೆನೂ ಅಲ್ಲ. ಮನೆ ಊಟ ಕಣ್ಲಾ ಅದು. ಮನೇಲಿ ಮಕ್ಕಳಿಗೆ ಉಣ್ಣಾಕ್ ಇಕ್ವಾಗ ಯಾವ್ ತಾಯಾದ್ರೂ ಎಲ್ಡ್ ತರದ್ ತಟ್ಟೆ ಮಡಗ್ತಾಳಾ?’

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ದೀಪ ಹಚ್ಚಿ ಪೌಲನು ಗಲಾತ್ಯದವರಿಗೆ ಬರೆದ ಪತ್ರ ತೆಗೆದೆ. ಅದರಲ್ಲಿ ಅಂತಿಯೋಕ್ಯ ಎಂಬ ಊರಿನ ಒಂದು ಜಗಳ ಇದೆ. ಯೆಹೂದ್ಯರಲ್ಲಿ ಹುಟ್ಟಿದ ಪೇತ್ರ ಅಲ್ಲಿ ಬೇರೆ ಜನಾಂಗದ ವಿಶ್ವಾಸಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯೆರೂಸಲೇಮಿನಲ್ಲಿದ್ದ ಯಾಕೋಬನ ಕಡೆಯಿಂದ ಕೆಲವರು ಬಂದರು. ಅವರು ಏನಂದುಕೊಳ್ಳುತ್ತಾರೋ ಎಂಬ ಹೆದರಿಕೆಗೆ ಪೇತ್ರ ಮೆಲ್ಲಗೆ ಹಿಂದೆ ಸರಿದು ಬೇರೆ ಕೂತ. ಅವನನ್ನು ನೋಡಿ ಉಳಿದವರೂ ಸರಿದರು. ಒಳ್ಳೆಯವನೆನಿಸಿದ್ದ ಬಾರ್ನಬನೂ ಸರಿದ. ಆಗ ಪೌಲ ಎಲ್ಲರೆದುರಿಗೆ, ಮುಖಕ್ಕೆ ಮುಖ ಕೊಟ್ಟು ಪೇತ್ರನನ್ನು ತರಾಟೆಗೆ ತೆಗೆದುಕೊಂಡ.

ಎಷ್ಟೋ ಸಲ ಓದಿದ್ದ ಕಥೆ. ಅವತ್ತು ಮೊದಲ ಸಲ ಕಣ್ಣಿಗೆ ಬಿದ್ದದ್ದು ಇದು: ಕೃಪೆಯ ಬಗ್ಗೆ ಪೌಲ ಅಷ್ಟು ಆವೇಶದಿಂದ ಬರೆದದ್ದು ಒಂದು ಊಟದ ಪಂಕ್ತಿಯ ಜಗಳದ ಬೆನ್ನಿಗೆ! ಆಕಾಶದ ವೇದಾಂತ ಅಲ್ಲ ಅದು. ಯಾರು ಯಾರ ಜೊತೆ ಕೂತು ಉಣ್ಣುತ್ತಾರೆ ಎಂಬ ಪ್ರಶ್ನೆ. ಪೇತ್ರ ಬಾಯಲ್ಲಿ ಯಾವ ಸಿದ್ಧಾಂತವನ್ನೂ ಬಿಟ್ಟಿರಲಿಲ್ಲ. ಜಾಗ ಬದಲಿಸಿದ, ಅಷ್ಟೆ. ಪೌಲನ ದೃಷ್ಟಿಯಲ್ಲಿ ಅಷ್ಟು ಸಾಕು, ಸುವಾರ್ತೆ ಅಲ್ಲೇ ಮುರಿದು ಬಿತ್ತು. ಹುಟ್ಟಿನಿಂದಲೋ ಆಚಾರದಿಂದಲೋ ಒಬ್ಬ ದೇವರಿಗೆ ಹತ್ತಿರ ಆಗುವುದಾದರೆ ಕ್ರಿಸ್ತ ಸತ್ತದ್ದು ಸುಮ್ಮನೆ ಎಂಬ ಮಾತಿಗೆ ಅವನು ಬಂದು ಮುಟ್ಟುತ್ತಾನೆ. ಜಾಗ ಬದಲಿಸಿದ ಪೇತ್ರ ನಾನು. ಜಾಗ ಬದಲಿಸಿ ಅವನನ್ನು ಎದುರಿಸಿದ ಪೌಲ ನಮ್ಮವ್ವ.

ಬಹಳ ವರ್ಷಗಳ ಮೇಲೆ ದಕ್ಷಿಣ ಆಫ್ರಿಕದ ವಿಷಯ ಓದುವಾಗ ನನ್ನ ಕೈ ನಡುಗಿತು. ಅಲ್ಲಿನ ಡಚ್ ರಿಫಾರ್ಮ್ಡ್ ಸಭೆಯಲ್ಲಿ ಬಿಳಿಯರು ಕರಿಯರ ಜೊತೆ ಕರ್ತನ ಭೋಜನ ತೆಗೆದುಕೊಳ್ಳುವುದಿಲ್ಲ ಎಂದು ತಕರಾರು ತೆಗೆದಿದ್ದರು. 1829ರಲ್ಲಿ ಸಭೆ ಅದನ್ನು ಒಪ್ಪಲಿಲ್ಲ. 1857ರಲ್ಲಿ ಒಪ್ಪಿತು. ಎಲ್ಲರೂ ಕೂಡಿಯೇ ಇರುವುದು ಶಾಸ್ತ್ರಕ್ಕೆ ಸರಿ, ಆದರೆ ಕೆಲವರ ಬಲಹೀನತೆಯ ಕಾರಣ ಬೇರೆ ಆರಾಧನೆಗೆ ಅವಕಾಶ ಇರಲಿ ಎಂಬರ್ಥದ ನಿರ್ಣಯ ಅದು. ನನ್ನ ನಡವಳಿ ಪುಸ್ತಕದ ಮಾತು! ಸಾವಿರಾರು ಮೈಲಿ ಆಚೆ, ಇನ್ನಾವುದೋ ಭಾಷೆಯಲ್ಲಿ, ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲು. ಅಲ್ಲಿ ಆ ‘ಸದ್ಯಕ್ಕೆ’ ಏನಾಯಿತು? 1881ರಲ್ಲಿ ಮಿಶ್ರವರ್ಣದವರೆಂದು (‘ಕಲರ್ಡ್’) ವಿಂಗಡಿಸಿದವರಿಗೆ ಬೇರೆ ಸಭೆಯೇ ಆಯಿತು. 1948ರಿಂದ ವರ್ಣಭೇದವೇ ಸರ್ಕಾರದ ನೀತಿಯಾಯಿತು. ಬಟ್ಟಲಿನಲ್ಲಿ ಬಿದ್ದ ಬಿರುಕು ಬೆಳೆದು ದೇಶವನ್ನೇ ಸೀಳಿತು. ಹಾಗೆ ಹೊರಗೆ ತಳ್ಳಿಸಿಕೊಂಡವರ ಸಭೆಯೇ 1982ರಲ್ಲಿ ಬೆಲ್ಹಾರ್ ಎಂಬಲ್ಲಿ ಒಂದು ವಿಶ್ವಾಸ ಪ್ರಮಾಣವನ್ನು ಬರೆದು, 1986ರಲ್ಲಿ ಅದನ್ನು ಅಂಗೀಕರಿಸಿತು. ಹುಟ್ಟಿನ ಆಧಾರದ ಮೇಲೆ ಸಭೆಯನ್ನು ಒಡೆಯುವುದು ಸುವಾರ್ತೆಗೇ ವಿರುದ್ಧ ಎಂದು ಅದು ಸಾರಿತು. ಇದು ನಡೆದದ್ದು ನಮ್ಮ ಪೀಠದ ಮೇಲೆ ಸ್ಟೀಲ್ ಲೋಟ ಬಂದ ದಿನಗಳ ಆಸುಪಾಸಿನಲ್ಲೇ. ಅವರು ಕೃಪೆಗೆ ನಿಷ್ಠೆ ಬರೆಯುತ್ತಿದ್ದಾಗ ನಾನು ದ್ರೋಹ ಬರೆಯುತ್ತಿದ್ದೆ.

ನಮ್ಮ ದೇಶದಲ್ಲೂ ಈ ಜಗಳ ಹೊಸದಲ್ಲ. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಜಾತಿಯನ್ನು ತಡಮಾಡದೆ ಬಿಡಬೇಕೆಂದು ಆಜ್ಞೆ ಮಾಡಿದ. ತಂಜಾವೂರಿನ ಮೇಲುಜಾತಿಯ ಕ್ರೈಸ್ತರಲ್ಲಿ ಬಹಳ ಜನ ಸಭೆಯನ್ನು ಬಿಟ್ಟರೇ ಹೊರತು ಜಾತಿಯನ್ನು ಬಿಡಲಿಲ್ಲ. ತಮಿಳುನಾಡಿನಲ್ಲಿ ಕ್ರೈಸ್ತ ಸ್ಮಶಾನದೊಳಗೂ ಜಾತಿಯ ಗೋಡೆ ಎದ್ದದ್ದನ್ನು ಕಂಡಿದ್ದೇವೆ. ಸತ್ತ ಮೇಲೂ ಮೈಲಿಗೆ! ಬಾಬಾಸಾಹೇಬರು ಮತಾಂತರಗೊಂಡ ಅಸ್ಪೃಶ್ಯರ ಬಗ್ಗೆ ಬರೆಯುತ್ತ, ಅವರ ನಡುವೆ ಜಾತಿಯನ್ನು ಅಳಿಸಲು ಸಭೆ ಏನು ಮಾಡಿದೆ ಎಂದು ಕಟುವಾಗಿ ಕೇಳಿದ್ದರು. ಅದಕ್ಕೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ.

ಉತ್ತರ ಕೊಡದೆ ಎರಡು ನಾಲಿಗೆ ಇಟ್ಟುಕೊಂಡಿದ್ದೇವೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ ಆದವರು ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರನ್ನು, ಮುಸಲ್ಮಾನರನ್ನು ಸೇರಿಸಲಿಲ್ಲ. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರು, ಕ್ರೈಸ್ತ ಎಂಬ ಕಾರಣಕ್ಕೆ ತನಗೆ ಸರ್ಕಾರದ ಪೆಟ್ಟಿಗೆ ಅಂಗಡಿ ಸಿಗಲಿಲ್ಲ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 1985ರಲ್ಲಿ ತೀರ್ಪು ಬಂತು. ಮತ ಬದಲಾದ ಮೇಲೂ ಹಿಂದಿನ ಬಾಧೆಗಳು ಅಷ್ಟೇ ತೀವ್ರವಾಗಿ ಮುಂದುವರಿದಿವೆ ಎಂದು ಸಾಬೀತಾಗಿಲ್ಲ ಎಂದಿತು ನ್ಯಾಯಾಲಯ. ಚಪ್ಪಲಿ ಹೊಲಿಯುವವನ ಕೈಯ ಉಳಿ ಮತಾಂತರವಾಗಿತ್ತೆ? ಇದು ಅನ್ಯಾಯ, ಇದರ ವಿರುದ್ಧ ಹೋರಾಡಲೇಬೇಕು. ಆದರೆ ನಮ್ಮ ಸಭೆಯವರನ್ನೂ ನೋಡಿ. ಸರ್ಕಾರಕ್ಕೆ ಅರ್ಜಿ ಬರೆಯುವಾಗ ಸಭೆಯಲ್ಲಿ ಜಾತಿ ಇದೆ ಅನ್ನುತ್ತೇವೆ. ಭಾನುವಾರ ಪೀಠ ಹತ್ತಿದಾಗ ಇಲ್ಲಿ ಜಾತಿ ಇಲ್ಲ ಅನ್ನುತ್ತೇವೆ. ಎರಡನ್ನೂ ಒಂದೇ ಬಾಯಿ ಹೇಳುತ್ತದೆ. ಸೋಮವಾರದ ಸತ್ಯವನ್ನು ಭಾನುವಾರ ಒಪ್ಪಿಕೊಳ್ಳುವ ಧೈರ್ಯ ಬೇಕು. ಅಲ್ಲಿಂದಲೇ ಪಶ್ಚಾತ್ತಾಪ ಶುರು.

ನಮ್ಮೂರ ಕಥೆ ಮುಗಿಸುತ್ತೇನೆ. ಅವ್ವ ಒಂದು ದಿನ ಮೊಣಕಾಲೂರಿದ ಮಾತ್ರಕ್ಕೆ ಲೋಟ ಹೋಗಲಿಲ್ಲ. ನಮ್ಮ ಕೇರಿಯ ಮೂರು ಮನೆಯವರು ಸಿಟ್ಟಾಗಿ ಬೇರೆ ಸಭೆ ಸೇರಿದರು. ಪ್ರತಿ ಸಲವೂ ಅವ್ವ ಎರಡನೇ ಸಾಲಿಗೇ ಹೋದಳು. ಆಮೇಲೆ ಇನ್ನಿಬ್ಬರು ಮುದುಕಿಯರು ಹೋದರು. ಆಮೇಲೆ ನಾನು. ಈಸ್ಟರ್ ಹೊತ್ತಿಗೆ ಎರಡನೇ ಸಾಲೇ ಉದ್ದವಾಗಿ, ಪಾದ್ರಿಯೇ ಲೋಟವನ್ನು ಒಳಗಿಟ್ಟರು. ಗೆದ್ದೆವು ಅನ್ನಬಹುದು. ಆದರೆ ಅಷ್ಟರಲ್ಲಿ ಹಟ್ಟಿಯ ಆರು ಮನೆಗಳಲ್ಲಿ ಎರಡು ಮನೆಯವರು ಬರುವುದನ್ನು ನಿಲ್ಲಿಸಿಬಿಟ್ಟಿದ್ದರು. ಅವರು ಮತ್ತೆ ಬರಲೇ ಇಲ್ಲ. ಇಂದಿಗೂ ಬಂದಿಲ್ಲ. ನನ್ನ ‘ಸದ್ಯಕ್ಕೆ’ ಎಂಬ ಒಂದು ಪದದ ಬೆಲೆ ಎರಡು ಮನೆ.

ಒಂದು ಸಂಜೆ ಸೈಕಲ್ ತುಳಿದುಕೊಂಡು ಆ ಎರಡರಲ್ಲಿ ಒಂದು ಮನೆಗೆ ಹೋದೆ. ಯಜಮಾನರು ನಮ್ಮಪ್ಪನ ವಯಸ್ಸಿನವರು. ಜಗಲಿಯ ಮೇಲೆ ತಮಟೆಗೆ ಚರ್ಮ ಬಿಗಿಯುತ್ತ ಕೂತಿದ್ದರು. ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ‘ಯಜಮಾನ್ರೆ, ಆ ನಿರ್ಣಯ ಬರೆದದ್ದು ನಾನೇ. ತಪ್ಪಾಯ್ತು’ ಅಂದೆ. ಅವರು ತಲೆ ಎತ್ತಲಿಲ್ಲ. ಹುರಿ ಎಳೆದು ಗಂಟು ಹಾಕಿದರು. ಆಮೇಲೆ ಕೇಳಿದರು.

‘ಮೇಷ್ಟ್ರು ತಪ್ಪಾಯ್ತು ಅನ್ನಾಕೆ ಬಂದ್ರಾ, ಉಣ್ಣಾಕೆ ಬಂದ್ರಾ?’

ನನಗೆ ಮಾತು ಹೊರಡಲಿಲ್ಲ. ಒಳಗಿನಿಂದ ಅವರ ಹೆಂಡತಿ ತಟ್ಟೆ ತಂದರು. ಮುದ್ದೆ, ಹುರುಳಿಕಾಳಿನ ಸಾರು. ಸುಳ್ಳು ಹೇಳುವುದಿಲ್ಲ, ಮೊದಲ ತುತ್ತು ಮುರಿಯುವಾಗ ಬೆರಳು ಒಂದು ಕ್ಷಣ ನಿಂತಿತು. ಸಂಘದ ಪುಸ್ತಕಗಳನ್ನೆಲ್ಲ ಓದಿದ ತಲೆ ಅದು. ಆದರೂ ಬೆರಳು ನಿಂತಿತು. ಅವರು ಅದನ್ನು ನೋಡಿದರು. ನೋಡಿಯೂ, ‘ಉಣ್ಣಿ ಮೇಷ್ಟ್ರೆ, ತಣ್ಗಾಯ್ತದೆ’ ಅಂದರು. ತಾವೂ ಎದುರಿಗೆ ತಟ್ಟೆ ಹಾಕಿಸಿಕೊಂಡು ಕೂತರು.

ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ. ಸಭೆಗೆ ಬರುತ್ತೇನೆ ಅಂತಲೂ ಹೇಳಲಿಲ್ಲ. ‘ಆ ಲೋಟ ಈಗಿಲ್ಲ’ ಅಂದದ್ದಕ್ಕೆ, ‘ಕೇಳ್ದೆ. ನಮ್ ಹುಡುಗ ಆ ಲೋಟದಲ್ಲಿ ಕುಡ್ದದ್ದು ನಮ್ ಹುಡುಗನಿಗೆ ಮರ್ತಿಲ್ಲ’ ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ಆದರೆ ನಾನು ಆ ಮನೆಯಲ್ಲಿ ಉಂಡದ್ದು ಕೂಲಿಯಲ್ಲ. ನಾನು ಏನೂ ದುಡಿದಿರಲಿಲ್ಲ, ಕೆಡಿಸಿದ್ದೆ. ಭಿಕ್ಷೆಯೂ ಅಲ್ಲ, ಅವರು ಎದುರಿಗೇ ಕೂತು ಅದನ್ನೇ ಉಂಡರು. ಅವ್ವ ಹೇಳಿದ ಮೂರನೆಯದು ಅದು. ನನಗೆ ಕೃಪೆ ಮುಟ್ಟಿದ್ದು ಪೀಠದ ಮುಂದೆ ಅಲ್ಲ. ನಾನು ಬೇರೆ ಲೋಟ ಕೊಡಿಸಿದವರ ಜಗಲಿಯ ಮೇಲೆ.

ಗೆಳೆಯರೆ, ಇನ್ನೂ ಯಾಕೆ ಚರ್ಚಿಗೆ ಹೋಗ್ತೀಯ ಅಂತ ಕೇಳಿದಿರಿ. ಇದೇ ಉತ್ತರ. ಜಾತಿಯ ಕಸ ಅಲ್ಲಿ ಇಲ್ಲ ಅಂತ ನಾನು ಹೋಗುವುದಿಲ್ಲ. ಇದೆ. ಅದರಲ್ಲಿ ಒಂದು ಬುಟ್ಟಿ ನಾನೇ ಹಾಕಿದ್ದು. ಆದರೆ ಆ ಮೇಜು ಕಮಿಟಿಯದ್ದಲ್ಲ, ಬಿಷಪ್ಪನದ್ದಲ್ಲ, ಮೊದಲು ಬಂದ ಹೊಲೆಯರದ್ದೂ ಅಲ್ಲ. ಕರೆದವನದು. ಅಲ್ಲಿ ಲೆಕ್ಕದ ಪುಸ್ತಕ ತೆರೆಯುವ ಹಕ್ಕು ಯಾರಿಗೂ ಇಲ್ಲ ಎಂದು ಆ ಮೇಜಿನ ಹತ್ತಿರವೇ ನಿಂತು ಹೇಳಬೇಕು. ಕೃಪೆಗೆ ನಿಷ್ಠರಾಗಿರುವುದು ಎಂದರೆ ನನಗೆ ಅಷ್ಟೆ. ಇದು ಕ್ರೈಸ್ತರಿಗೆ ಮಾತ್ರ ಹೇಳಿದ್ದಲ್ಲ. ನಮ್ಮ ಸಂಘಟನೆಗಳು ಬಣ ಬಣವಾಗಿ ಒಡೆದಾಗ, ಎಡ ಬಲ ಅಂತ ಒಬ್ಬರ ತಟ್ಟೆ ಒಬ್ಬರು ನೋಡಿದಾಗ, ನಾವೂ ಬೆಳಿಗ್ಗೆ ಬಂದವರ ಹಾಗೆ ಗೊಣಗಿದ್ದೇವೆ.

ಅವ್ವ ಹೋಗಿ ಬಹಳ ವರ್ಷ ಆಯಿತು. ಆ ನಡವಳಿ ಪುಸ್ತಕ ಇನ್ನೂ ಸಭೆಯ ಬೀರುವಿನಲ್ಲಿದೆ. ಮೊನ್ನ ಹೊಸ ಕಾರ್ಯದರ್ಶಿ, ಓದಿದ ಹುಡುಗ, ಗೆದ್ದಲು ಹಿಡಿದ ಹಳೇ ಕಾಗದ ಸುಡುತ್ತಿದ್ದ. ‘ಸಾರ್, ಇದನ್ನೂ ಹಾಕ್ಬಿಡ್ಲಾ?’ ಅಂದ. ಬೇಡಪ್ಪ ಅಂದೆ. ಆ ಪುಟ ತೆಗೆದು, ನನ್ನ ರುಜು ತೋರಿಸಿ, ಗಟ್ಟಿಯಾಗಿ ಓದು ಅಂದೆ. ಅವನು ಓದಿದ. ‘ಸದ್ಯಕ್ಕೆ’ ಎಂಬ ಪದದ ಹತ್ತಿರ ತಡವರಿಸಿ, ನನ್ನ ಮುಖ ನೋಡಿದ.

‘ಮುಂದಕ್ಕೆ ಓದು’ ಅಂದೆ.